ಖೋ ಖೋ ತಂಡದ ಫೋಟೋ

ಹೋದ ಚುನಾವಣೆಯಲ್ಲಿ ನಮ್ಮ ಓಣಿಯವರ ಮತಗಟ್ಟೆ ಆ ಶಾಲೆಗೆ ಬಿದ್ದಿತ್ತು. ಸಾಲಿನಲ್ಲಿ ನಿಂತು ಮುಂದೆ ಸರಿಯುತ್ತ ಹೋದಾಗಲೇ ಗೊತ್ತಾದದ್ದು, ಅದು ಹಳೆಯ ಕಂಪ್ಯೂಟರ್ ಕೋಣೆ ಅಂತ. ಕಂಪ್ಯೂಟರುಗಳು ಎಂದೋ ಮಹಡಿಗೆ ಹೋಗಿವೆಯಂತೆ. ಆದರೆ ಹೊಸ್ತಿಲು ದಾಟಿದ ಕೂಡಲೇ ಅದೇ ವಾಸನೆ ಬಂತು: ವರ್ಷಗಟ್ಟಲೆ ಕಿಟಕಿ ತೆರೆಯದ ಕೋಣೆಯ ತಣ್ಣನೆ ಗಾಳಿ, ಫಿನೈಲು, ಅದರ ಮೇಲೆ ಊದುಬತ್ತಿ. ಬೆರಳಿಗೆ ಶಾಯಿ ಹಚ್ಚುವ ಹೆಣ್ಣುಮಗಳು "ಕೈ ಚಾಚ್ರಿ" ಎಂದು ಎರಡು ಸಲ ಹೇಳಬೇಕಾಯಿತು. ಹೊರಗೆ ಬಂದವಳು ಮನೆಗೆ ಹೋಗದೆ ಬೇವಿನ ಗಿಡದ ಕಟ್ಟೆಯ ಮೇಲೆ ಸುಮ್ಮನೆ ಕುಳಿತೆ.

ಎರಡು ಸಾವಿರದ ಮೂರನೆಯ ಇಸವಿ. ಅದರ ಹಿಂದಿನ ನವೆಂಬರಿನಲ್ಲಿ ನನ್ನ ಗಂಡ ಶಿವಾನಂದ ಗೆಳೆಯನ ಹೊಸ ಮನೆಯ ವಾಸ್ತುಶಾಂತಿಗೆಂದು ಹುಬ್ಬಳ್ಳಿಗೆ ಹೋದವರು ಗಬ್ಬೂರ ಬೈಪಾಸಿನಲ್ಲಿ ಸ್ಕೂಟರಿನಿಂದ ಬಿದ್ದು ಅಲ್ಲೇ ತೀರಿಕೊಂಡಿದ್ದರು. ಧಾರವಾಡದ ಈ ಹೆಣ್ಣುಮಕ್ಕಳ ಶಾಲೆಯಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದ್ದರು. ನನಗಾಗ ಮೂವತ್ತೊಂದು. ಮಕ್ಕಳಿರಲಿಲ್ಲ. ಕೆಲಗೇರಿಯ ಮನೆಯಲ್ಲಿ ನಾನು, ಅತ್ತೆ ಇಬ್ಬರೇ ಉಳಿದೆವು.

ನಾನು ಅಳಲಿಲ್ಲ. ಬಂದವರು ಮೊದಮೊದಲು ಗಟ್ಟಿ ಹೆಣ್ಣು ಎಂದರು, ಕೆಲವು ದಿನಗಳ ಮೇಲೆ ಒಬ್ಬರಿಗೊಬ್ಬರು ಬೇರೆ ಏನೋ ಹೇಳಿಕೊಂಡರು. ಜೋಮು ಹಿಡಿದ ಕಾಲನ್ನು ಚಿವುಟಿದರೆ ಹೇಗೆ ತಿಳಿಯುವುದಿಲ್ಲವೋ ಹಾಗಾಗಿತ್ತು ನನಗೆ. ಏಳುತ್ತಿದ್ದೆ, ನೀರು ತುಂಬುತ್ತಿದ್ದೆ, ಅನ್ನಕ್ಕಿಡುತ್ತಿದ್ದೆ. ಅತ್ತೆಯೂ ಮಾತು ನಿಲ್ಲಿಸಿದ್ದರು. ದಿನಕ್ಕೆ ಹತ್ತು ಮಾತಾದರೆ ಹೆಚ್ಚು.

ಜೂನಿನಲ್ಲಿ ಶಾಲೆ ಶುರುವಾದ ವಾರವೇ ಮುಖ್ಯೋಪಾಧ್ಯಾಯಿನಿ ಸುಮಿತ್ರಾಬಾಯಿಯವರು ಛತ್ರಿ ಹಿಡಿದು ಮನೆಗೆ ಬಂದರು. ಶಾಲೆಯಲ್ಲಿ ನನ್ನ ಗಂಡನ ಟೇಬಲಿನ ಖಾನೆಯಲ್ಲಿ ಇದ್ದದ್ದನ್ನೆಲ್ಲ ಒಂದು ಕೈಚೀಲದಲ್ಲಿ ಹಾಕಿ ತಂದಿದ್ದರು. ಕಂಪಾಸು, ಎರಡು ಕೆಂಪು ಪೆನ್ನು, ಅಡಿಕೆಪುಡಿಯ ಡಬ್ಬಿ. ಚಹಾ ಕುಡಿದು ಏಳುವಾಗ, ಹೇಳಲೋ ಬೇಡವೋ ಎನ್ನುವಂತೆ ಹೇಳಿದರು.

"ವಿದ್ಯಾ, ಹೋದ ವರ್ಷ ಸ್ಟಾಫ್ ಮೀಟಿಂಗಿನ್ಯಾಗ ಸಾಲಿಗೊಂದು ವೆಬ್‌ಸೈಟ್ ಆಗಬೇಕು ಅಂತ ಮಾತು ಬಂದಿತ್ತು. ಶಿವಾನಂದ ಸರ್ ಎದ್ದು ನಿಂತು, ನಮ್ಮಕಿ ಮಾಡಿಕೊಡತಾಳ್ರಿ, ಅಕಿಗೆ ಬರತೈತಿ ಅಂದ್ರು. ನಿಮಗ ಹೇಳಿದ್ರೋ ಇಲ್ಲೋ."

ಹೇಳಿರಲಿಲ್ಲ. ಮದುವೆಗೆ ಮುಂಚೆ ನಾನು ಹುಬ್ಬಳ್ಳಿಯಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಕರಪತ್ರ ಜೋಡಿಸುವ ಕೆಲಸ ಮಾಡುತ್ತಿದ್ದೆ. ಅರಿವೆ ಅಂಗಡಿಯ ಮೇಲಿನ ಕ್ಲಾಸಿನಲ್ಲಿ ಆರು ತಿಂಗಳು ವೆಬ್‌ಪುಟ ಮಾಡುವುದನ್ನು ಕಲಿತಿದ್ದೆ. ಮನೆಯಲ್ಲಿ ಒಂದು ಜೋಡಿಸಿ ತಂದ ಕಂಪ್ಯೂಟರು ಇತ್ತು.

"ಮಾಡತೇನ್ರಿ" ಎಂದೆ. ಆಸೆಯಿಂದ ಹೇಳಿದ್ದಲ್ಲ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಬೇಡ ಎನ್ನುವುದಕ್ಕೆ ಬೇಕಾದ ಕಸುವು ನನ್ನಲ್ಲಿರಲಿಲ್ಲ.

ಆದರೆ ಮಾಡಬೇಕೆಂದರೆ ದೇಸಾಯಿ ಸರ್ ಅವರನ್ನು ದಾಟಿ ಹೋಗಬೇಕಿತ್ತು. ಶಾಲೆ ನಡೆಸುವ ಸಂಸ್ಥೆಯ ಎಲ್ಲ ಶಾಲೆಗಳ ಕಂಪ್ಯೂಟರ್ ವಿಭಾಗಕ್ಕೆ ಅವರು ಮುಖ್ಯಸ್ಥರು. ಮೊದಲು ಟೈಪಿಂಗ್ ಮಾಸ್ತರರಾಗಿದ್ದವರು, ವಯಸ್ಸು ಐವತ್ತರ ಮೇಲೆ. ಕೀಲಿಮಣೆ ನೋಡದೆ ಮಾತಾಡಿದಷ್ಟೇ ವೇಗವಾಗಿ ಬೆರಳಾಡಿಸುತ್ತಿದ್ದರು. ಅವರ ಕೈಕೆಳಗೆ ಯಂತ್ರ ಬಿಚ್ಚಿ ಜೋಡಿಸುವ ಬಸವರಾಜ ಅಂತ ಒಬ್ಬರು. ಆ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಪ್ರತಿ ಕಂಪ್ಯೂಟರಿಗೂ ಹೊದಿಕೆ, ಶುಕ್ರವಾರ ಊದುಬತ್ತಿ. ಇಂಟರ್‌ನೆಟ್ ಇದ್ದದ್ದು ಒಂದೇ ಯಂತ್ರಕ್ಕೆ, ಅದು ದೇಸಾಯಿ ಸರ್ ಅವರ ಟೇಬಲಿನ ಮೇಲೆ.

"ವೈನಿ, ಸಿಟ್ಟಾಗಬ್ಯಾಡ್ರಿ" ಎಂದರು ಮೊದಲ ದಿನ, ಅತ್ತಿಗೆಯನ್ನು ಕರೆಯುವಂತೆ. "ಹೊರಗಿನ ಫ್ಲಾಪಿ ಇದರಾಗ ಹಾಕಾಕ ಬರಂಗಿಲ್ಲ."

"ಮತ್ತ ಮನ್ಯಾಗ ಮಾಡಿದ್ದನ್ನ ಹೆಂಗ ತರಬೇಕ್ರಿ ಸರ್?"

"ಅದನ್ನ ವಿಚಾರ ಮಾಡಬೇಕಾಕ್ಕೈತಿ. ನೀವು ಒಂದು ಅರ್ಜಿ ಬರದು ಕೊಡ್ರಿ."

ಬರೆದು ಕೊಟ್ಟೆ. ಒಂದು ವಾರದ ಮೇಲೆ ಕೋಣೆಯೊಳಗೆ ಬರುವುದಕ್ಕೆ ಇನ್ನೊಂದು ಅರ್ಜಿ ಬೇಕಾಯಿತು. ಇಂಟರ್‌ನೆಟ್ಟಿಗೆ ಅರ್ಧ ತಾಸು ಕೂರುವುದಕ್ಕೆ ಮತ್ತೊಂದು. ಜುಲೈ ತಿಂಗಳ ಆ ಜಿಟಿಜಿಟಿ ಮಳೆಯಲ್ಲಿ ಕೆಲಗೇರಿಯಿಂದ ಬಸ್ಸು ಹಿಡಿದು ಬರುವುದು, ಕೋಣೆಯ ಹೊರಗಿನ ಬಾಕಿನ ಮೇಲೆ ಕೂರುವುದು, "ಇವತ್ತ ಆಗೂದಿಲ್ರಿ ವೈನಿ" ಎಂದಾಗ ಎದ್ದು ಹೋಗುವುದು. ಬೇರೆ ಯಾರಾದರೂ ಆಗಿದ್ದರೆ ಮೂರನೆಯ ದಿನ ಜಗಳ ತೆಗೆದು ಬಿಟ್ಟು ಹೋಗುತ್ತಿದ್ದರು. ನನಗೆ ಜಗಳಾಡುವಷ್ಟು ಬಿಸಿ ಇರಲಿಲ್ಲ. ಬಾಕಿನ ಮೇಲೆ ಕುಳಿತರೂ ಒಂದೇ, ಮನೆಯಲ್ಲಿ ಕುಳಿತರೂ ಒಂದೇ. ಕಡೆಗೆ ಬಸವರಾಜರೇ ತಡೆಯಲಾರದೆ ಹೇಳಿದರು, "ಸರ್, ಇವರು ಬಿಡು ಪೈಕಿ ಅಲ್ರಿ. ಮೂಲ್ಯಾಗಿನ ಹಳೇ ಮಷೀನಿನ್ಯಾಗ ಫ್ಲಾಪಿ ಹಾಕಿ ತಪಾಸ ಮಾಡಿ ಕೊಡತೇನಿ. ಏನೂ ಇರಲಿಲ್ಲ ಅಂದ್ರ ತಗೊಳ್ಳೋಣ."

ಅವತ್ತು ದೇಸಾಯಿ ಸರ್ ನನಗೆ ಕಾರಣ ಹೇಳಿದರು. ಎರಡು ವರ್ಷದ ಹಿಂದೆ ಯಾರೋ ತಂದ ಒಂದು ಫ್ಲಾಪಿಯಿಂದ ವೈರಸ್ ಬಂದು, ಫಲಿತಾಂಶಕ್ಕೆ ಮೂರು ದಿನ ಇರುವಾಗ ಎಲ್ಲ ಶಾಲೆಗಳ ಅಂಕಪಟ್ಟಿ ಅಳಿಸಿಹೋಗಿತ್ತಂತೆ. ಕಾಗದ ಹುಡುಕಿ ತೆಗೆದು ಪ್ರತಿ ಹುಡುಗಿಯ ಪ್ರತಿ ವಿಷಯದ ಅಂಕವನ್ನು ಅವರೊಬ್ಬರೇ ಮತ್ತೆ ಟೈಪು ಹೊಡೆದರು. "ಬೆರಳು ಬಾತಿದ್ವು ವೈನಿ. ತಪ್ಪು ಯಾರದರ ಇರಲಿ, ಕೇಳೂದು ನನ್ನನ್ನ." ಆಯಿತು ಸರ್ ಎಂದೆ. ಆ ಮಾತನ್ನು ಕಿವಿ ಕೇಳಿಸಿಕೊಂಡಿತು, ಅಷ್ಟೇ.

ಆಗಸ್ಟ್ ನಡುವಿನಲ್ಲಿ ಸೈಟು ತಯಾರಾಯಿತು. ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಕಾಣುತ್ತಿರಲಿಲ್ಲವಾದ್ದರಿಂದ ಶೀರ್ಷಿಕೆಗಳನ್ನೆಲ್ಲ ಚಿತ್ರ ಮಾಡಿ ಅಂಟಿಸಿದ್ದೆ. ಕಟ್ಟಡದ ಫೋಟೋ, ಶಾಲೆಯ ಚರಿತ್ರೆ, ಶಿಕ್ಷಕರ ಪಟ್ಟಿ, ಗ್ರಂಥಾಲಯ. ದೇಸಾಯಿ ಸರ್ ಒಂದೊಂದು ಪುಟವನ್ನೂ ಕಾಗದದ ಮೇಲೆ ತೆಗೆದು ಓದಿ ಸಹಿ ಹಾಕಿದರು. ಒಂದು ಪುಟಕ್ಕೆ ಮಾತ್ರ ಕೆಂಪು ಗೆರೆ ಎಳೆದರು. ಅದು ಜಿಲ್ಲಾ ಮಟ್ಟದಲ್ಲಿ ಗೆದ್ದ ನಮ್ಮ ಖೋ ಖೋ ತಂಡದ ಪುಟ. ಶೀಲ್ಡು ಹಿಡಿದು ನಿಂತ ಹನ್ನೆರಡು ಹುಡುಗಿಯರು, ಕೆಳಗೆ ಹೆಸರು, ತರಗತಿ, ಊರು.

"ಹೆಣ್ಣುಮಕ್ಕಳ ಫೋಟೋ, ಕೆಳಗ ಹೆಸರು, ಊರು. ಇದು ಬ್ಯಾಡ್ರಿ."

"ಸುಮಿತ್ರಾಬಾಯಾರು ಹಾಕು ಅಂದಾರ್ರಿ ಸರ್."

"ಅವರು ಅಂದಿರಬೇಕು. ಈ ನೆಟ್ ಅಂಬೋದು ಸಾಲಿ ನೋಟಿಸ್ ಬೋರ್ಡ್ ಅಲ್ಲ. ಯಾರು ನೋಡತಾರ ನಮಗ ತಿಳ್ಯಂಗಿಲ್ಲ."

ಪುಟ ಬಿಟ್ಟು ಉಳಿದದ್ದನ್ನು ಏರಿಸಿದೆವು. ಗಣೇಶ ಚೌತಿಗೆ ದೇಸಾಯಿ ಸರ್ ಹತ್ತು ದಿನ ಸೂಟಿ ಹಾಕಿ ಊರಿಗೆ ಹೋದರು. ಅವರಿಲ್ಲದಾಗ ಸುಮಿತ್ರಾಬಾಯಿಯವರು ಮತ್ತೆ ಕೇಳಿದರು, "ಹುಡುಗ್ಯಾರು ದಿನಾ ಕೇಳತಾರ, ಫೋಟೋ ಯಾವಾಗ ಬರತೈತಿ ಅಂತ." ಬಸವರಾಜರು ಸ್ವಲ್ಪ ಹಿಂದೆಮುಂದೆ ನೋಡಿ ಪಾಸ್‌ವರ್ಡು ಹೊಡೆದು ಕೊಟ್ಟರು. ನಾನು ಏರಿಸಿದೆ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಏನೂ ಇರಲಿಲ್ಲ. ಹಾಕಿದರೇನು, ಬಿಟ್ಟರೇನು ಎಂದಷ್ಟೇ ಇತ್ತು. ಅದೇ ನನ್ನ ತಪ್ಪು.

ದಸರೆಯ ರಜೆ ಮುಗಿದು ಶಾಲೆ ತೆರೆದಾಗ ತಂಡದ ನಾಯಕಿ ರೇಣುಕಾ ಬರಲಿಲ್ಲ. ಮುಗದದ ಹುಡುಗಿ, ಹತ್ತನೆಯ ತರಗತಿ. ದಿನವೂ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತಿದ್ದಳು. ಹತ್ತು ದಿನವಾದರೂ ಬಾರದಿದ್ದಾಗ ಅದೇ ರೈಲಿನ ಇನ್ನೊಬ್ಬ ಹುಡುಗಿ ಬಾಯಿಬಿಟ್ಟಳು. ಧಾರವಾಡದ ಯಾವುದೋ ಸೈಬರ್ ಕೆಫೆಯಲ್ಲಿ ಯಾರೋ ಆ ಪುಟವನ್ನು ಪ್ರಿಂಟ್ ತೆಗೆದಿದ್ದರು. ಆ ಕಾಗದ ಹಿಡಿದು ಒಬ್ಬ ಎರಡು ಸಲ ಮುಗದದ ಸ್ಟೇಷನ್ನಿಗೆ ಬಂದು, ಹುಡುಗಿಯರ ಗುಂಪಿನಲ್ಲಿ ರೇಣುಕಾಳನ್ನು ಹೆಸರು ಹಿಡಿದು ಕರೆದಿದ್ದ. ಊರಲ್ಲಿ ಸುದ್ದಿ ಬೇರೆ ರೂಪ ಪಡೆದಿತ್ತು. ಮಲ್ಲಪ್ಪನ ಮಗಳ ಫೋಟೋ ಇಂಟರ್‌ನೆಟ್ಟಿನಲ್ಲಿ ಬಂದಿದೆಯಂತೆ. ಆಗ ಹಳ್ಳಿಯಲ್ಲಿ ಇಂಟರ್‌ನೆಟ್ ಎಂದರೆ ಜನ ತಿಳಿದುಕೊಂಡಿದ್ದದ್ದು ಒಂದೇ ಅರ್ಥ, ಹೊಲಸು ಚಿತ್ರ. ಅಪ್ಪ ಶಾಲೆ ಬಿಡಿಸಿದ. ವರ ನೋಡುತ್ತಿದ್ದಾರೆ ಎಂದೂ ಆ ಹುಡುಗಿ ಹೇಳಿದಳು.

ದೇಸಾಯಿ ಸರ್ ಸುದ್ದಿ ಕೇಳಿದ ಕೂಡಲೇ ಆ ಪುಟ ಕಿತ್ತು ಹಾಕಿದರು. ಅವರ ಬೆರಳು ಅಂದು ಮಾತ್ರ ನಿಧಾನವಾಗಿ ಆಡಿತು. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಮುಗದಕ್ಕ ಹೋಗಿ ಬರೋಣೇನ್ರಿ ವೈನಿ?" ಎಂದರು.

ರೈಲಿಳಿದು ಊರೊಳಗೆ ನಡೆದಾಗ ಎರಡೂ ಕಡೆ ಭತ್ತ ಹಳದಿಗೆ ತಿರುಗಿತ್ತು. ಮಲ್ಲಪ್ಪ ಅಂಗಳದಲ್ಲಿ ಕಣದ ನೆಲಕ್ಕೆ ಸಗಣಿ ಸಾರಿಸುತ್ತಿದ್ದವನು ಕೈ ತೊಳೆದು ಬಂದು ಜಮಖಾನ ಹಾಸಿದ. ಬೈಯಲಿಲ್ಲ. ನೀರು ಕೊಟ್ಟ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ದೇಸಾಯಿ ಸರ್ ಶುರು ಮಾಡಿದರು. "ಯಜಮಾನ್ರ, ಕಂಪ್ಯೂಟರಿನ ಕೀಲಿ ನನ್ನ ಕಡೆ ಇರತೈತ್ರಿ. ನಾ ಸೂಟಿ ಮ್ಯಾಲೆ ಹೋಗಿದ್ದೆ. ಹಂಗ ಬಿಟ್ಟು ಹೋಗಬಾರದಿತ್ತು. ತಪ್ಪು ನಂದ್ರಿ."

ಆ ಮಾತು ಕೇಳಿ ನನ್ನ ಮುಖ ಬಿಸಿಯಾಯಿತು. ಸುಮಾರು ಒಂದು ವರ್ಷದಲ್ಲಿ ನನ್ನ ಮೈಗೆ ತಿಳಿದ ಮೊದಲ ಸಂಗತಿ ಅದು: ನಾಚಿಕೆ. ಬೇಡ ಎಂದವರು ಅವರು, ತಲೆ ತಗ್ಗಿಸಿ ಕುಳಿತವರೂ ಅವರೇ.

"ಇಲ್ರಿ" ಎಂದೆ. "ಸರ್ ಬ್ಯಾಡ ಅಂದಿದ್ರು. ಹಾಕಿದಾಕಿ ನಾನ."

ಮಲ್ಲಪ್ಪ ನನ್ನನ್ನು ನೋಡಿದ. "ಯಾರನ್ನ ಕೇಳಿ ಹಾಕಿದ್ರಿ ಬಾಯಾರ? ನನ್ನ ಕೇಳಿದ್ರೇನು? ಹುಡುಗೀನ್ನರ ಕೇಳಿದ್ರೇನು?"

ಒಳಗಿನಿಂದ ಅವನ ತಾಯಿ, ತೀರ ಮುದುಕಿ, ಕಂಬ ಹಿಡಿದು ನಿಂತು ಕೇಳಿದಳು. "ನಿಮ್ಮ ಮನಿಯವರು ಏನು ಮಾಡತಾರವಾ?"

"ಇದ ಸಾಲ್ಯಾಗ ಮಾಸ್ತರ ಇದ್ರು. ತೀರಿಕೊಂಡಾರ" ಎಂದೆ. ಆ ಮಾತನ್ನು ಅಲ್ಲಿಯವರೆಗೆ ನಾನು ನನ್ನ ಬಾಯಿಂದ ಹೇಳಿರಲೇ ಇಲ್ಲ. ನನ್ನ ಪರವಾಗಿ ಬೇರೆ ಯಾರಾದರೂ ಹೇಳಿಬಿಡುತ್ತಿದ್ದರು. ಮುದುಕಿ "ಅಯ್ಯ ನನ್ನವ್ವ" ಎಂದಳು. ಬಾಗಿಲ ಹಿಂದೆ ನಿಂತಿದ್ದ ರೇಣುಕಾ ಆಗ ಹೊರಗೆ ಬಂದಳು.

"ಗಣಿತದ ಸರ್ ಮನಿಯವರೇನ್ರಿ?" ಎಂದಳು. ಹೌದೆಂದು ತಲೆಯಾಡಿಸಿದೆ. ಅವಳು ಅಪ್ಪನ ಕಡೆ ತಿರುಗಿದಳು. "ಅಪ್ಪಾ, ನಾ ಲಗ್ನ ಒಲ್ಲೆ ಅನ್ನೂದಿಲ್ಲ. ಮಾರ್ಚ್ ತನಕ ಬಿಡು. ಪರೀಕ್ಷಾ ಒಂದು ಬರೀತೇನಿ."

"ಸ್ಟೇಷನ್ನಿನ್ಯಾಗ ಅವ ಮತ್ತ ಬಂದು ನಿಂತ್ರ? ನಾ ಹೊಲ ಬಿಟ್ಟು ದಿನಾ ನಿನ್ನ ಹಿಂದ ಬರಲೇನು?"

ನಾನು ಯೋಚನೆ ಮಾಡದೆ ಹೇಳಿಬಿಟ್ಟೆ. "ಪರೀಕ್ಷಾ ಮುಗಿಯೂತನಕ ನಮ್ಮ ಮನ್ಯಾಗ ಇರಲಿ. ಕೆಲಗೇರ್‍ಯಾಗ ನಾನು, ನಮ್ಮ ಅತ್ತಿ ಇಬ್ಬರ ಅದೇವಿ. ಸಾಲಿಗೆ ನಾನ ಕರಕೊಂಡು ಹೋಗಿ ಬರತೇನಿ."

ಮಲ್ಲಪ್ಪನ ಮುಖದ ಮೇಲೆ ಅಂದು ಮೊದಲ ಸಲ ನಗೆಯಂಥದೇನೋ ಸುಳಿಯಿತು. "ನಿಮ್ಮ ಅತ್ತಿಯವರನ್ನ ಕೇಳೀರೇನ್ರಿ?"

ಕೇಳಿರಲಿಲ್ಲ.

"ನೋಡ್ರಿ, ಮತ್ತ ಕೇಳದನ ಮಾಡಾಕತ್ತೀರಿ" ಎಂದ. "ಕೇಳಿ ಹೇಳಿ ಕಳಸ್ರಿ. ಆಮ್ಯಾಲೆ ನೋಡೋಣ."

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅಷ್ಟು ಉದ್ದದ ಮಾತು ನಮ್ಮಿಬ್ಬರ ನಡುವೆ ತಿಂಗಳುಗಳಿಂದ ನಡೆದಿರಲಿಲ್ಲ. ಅವರು ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ಎಲ್ಲಿ ಮಲಗಸತಿ?" ಎಂದರು. ಗಂಡನ ಓದುವ ಕೋಣೆಯಲ್ಲಿ ಎಂದೆ. ಆ ಕೋಣೆಯ ಬಾಗಿಲು ಹೋದ ನವೆಂಬರಿನಿಂದ ಹಾಕಿಯೇ ಇತ್ತು. ಅತ್ತೆ ಎರಡು ಮೂರು ಕಾಯಿ ಬಿಡಿಸಿದರು. "ಬರಲಿ. ಮನ್ಯಾಗ ಒಂದು ದನಿ ಆಗತೈತಿ."

ಮಲ್ಲಪ್ಪ ಮೊದಲು ತಾನೊಬ್ಬನೇ ಬಂದು ಮನೆ ನೋಡಿದ. ಬಾಗಿಲ ಅಗಳಿ ಹಾಕಿ ತೆಗೆದು ನೋಡಿದ, ಹಿತ್ತಲ ಗೋಡೆ ನೋಡಿದ, ಅತ್ತೆಯ ಜೊತೆ ಅರ್ಧ ತಾಸು ಮಳೆಬೆಳೆ ಮಾತಾಡಿದ. ಮರುದಿನ ಮಗಳನ್ನು, ಒಂದು ಟ್ರಂಕನ್ನು, ಮನೆಯಲ್ಲಿ ಕುಟ್ಟಿದ ಅಕ್ಕಿಯ ಚೀಲವನ್ನು ತಂದು ಬಿಟ್ಟ.

ಟ್ರಂಕು ಕೆಳಗಿಟ್ಟ ಕೂಡಲೇ ರೇಣುಕಾ ಕೇಳಿದ್ದು ಒಂದನ್ನೇ. "ಬಾಯಾರ, ಆ ಫೋಟೋ ತೋರಸ್ರಿ. ಊರೆಲ್ಲಾ ನೋಡೈತಂತ, ನಾ ಇನ್ನೂ ನೋಡಿಲ್ಲ."

ಮನೆಯ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದೆ. ಅವಳು ಪರದೆಯ ಹತ್ತಿರ ಮುಖ ಒಯ್ದು ಬಹಳ ಹೊತ್ತು ನೋಡಿದಳು. ಶೀಲ್ಡು ಹಿಡಿದು ನಡುವೆ ನಿಂತವಳು ಅವಳೇ.

"ಕಣ್ಣು ಮುಚ್ಚೇನಿ" ಎಂದಳು. ಖರೆ, ಫೋಟೋದಲ್ಲಿ ಅವಳ ಕಣ್ಣು ಮುಚ್ಚಿದ್ದವು. ಹಾಕುವಾಗ ನಾನು ಅದನ್ನೂ ಗಮನಿಸಿರಲಿಲ್ಲ. "ಇಷ್ಟರ ಸಲುವಾಗಿ ಇಷ್ಟೆಲ್ಲಾ ಆತೇನ್ರಿ?" ಎಂದಳು. ನಕ್ಕಳೋ ಅತ್ತಳೋ ತಿಳಿಯದಂತೆ ಮುಖ ತಿರುಗಿಸಿದಳು.

ಹೀಗೆ ಚಳಿಗಾಲ ಬಂತು. ಬೆಳಿಗ್ಗೆ ಅವಳನ್ನು ಶಾಲೆಗೆ ಬಿಟ್ಟು, ದೇಸಾಯಿ ಸರ್ ಅವರ ಕೋಣೆಯಲ್ಲಿ ಕೆಲಸ ಮಾಡಿ, ಸಂಜೆ ಕರೆದುಕೊಂಡು ಬರುತ್ತಿದ್ದೆ. ಸೈಟಿಗೆ ಹೊಸ ನಿಯಮ ಬಂತು: ಯಾವ ಹುಡುಗಿಯ ಫೋಟೋಕ್ಕೂ ಹೆಸರಿಲ್ಲ, ಮನೆಯವರ ಸಹಿಯಿಲ್ಲದೆ ಫೋಟೋವೇ ಇಲ್ಲ. ಆ ಸಹಿಯ ಕಾಗದವನ್ನು ಬರೆದವಳು ನಾನೇ. ರೇಣುಕಾ ಮಾರ್ಚಿನಲ್ಲಿ ಪರೀಕ್ಷೆ ಬರೆದಳು, ಎರಡನೆಯ ದರ್ಜೆಯಲ್ಲಿ ಪಾಸಾದಳು. ಗಣಿತದಲ್ಲಿ ಅರವತ್ತೆಂಟು. ಬಂದ ವರನಿಗೆ ಮಲ್ಲಪ್ಪ ಎರಡು ವರ್ಷ ತಡೆಯಿರಿ ಎಂದನಂತೆ. ಅವರು ತಡೆಯಲಿಲ್ಲ, ಇವನು ಚಿಂತಿಸಲಿಲ್ಲ. ಪಿಯುಸಿ ಮುಗಿಸಿ, ಶಿಕ್ಷಕಿಯರ ತರಬೇತಿ ಮುಗಿಸಿ ಆಮೇಲೆ ಮದುವೆಯಾದಳು. ಈಗ ಕಲಘಟಗಿ ಕಡೆ ಒಂದು ಶಾಲೆಯಲ್ಲಿದ್ದಾಳೆ. ಸೈಟು ನಾಲ್ಕೈದು ವರ್ಷ ನಡೆಯಿತು. ನೆಟ್ಟಿನಲ್ಲಿ ಅದಕ್ಕೆ ಜಾಗ ಕೊಟ್ಟಿದ್ದ ಕಂಪನಿ ಮುಚ್ಚಿದಾಗ ಅದರ ಜೊತೆಗೇ ಹೋಯಿತು.

ಆದರೆ ಆ ವರ್ಷ ಎಂದರೆ ನನ್ನ ಕಣ್ಣ ಮುಂದೆ ಬರುವುದು ಡಿಸೆಂಬರಿನ ಒಂದು ದಿನ. ನನ್ನ ಗಂಡ ತೀರಿದ ವರ್ಷದ ಕಾರ್ಯ ಮುಗಿದಿತ್ತು. ಖಾಲಿಯಿದ್ದ ಗಣಿತದ ಜಾಗಕ್ಕೆ ಹೊಸಬರು ಕಾಯಂ ಆಗಿ ಬಂದಿದ್ದರು. ದೇಸಾಯಿ ಸರ್ ಅಂದು ನಾನು ಬಂದಾಗ ಕುರ್ಚಿಯಿಂದ ಎದ್ದು ನಿಂತರು. ಶಿಕ್ಷಕರ ಪಟ್ಟಿಯ ಪುಟ ಪರದೆಯ ಮೇಲಿತ್ತು.

"ವೈನಿ, ಇದನ್ನ ನಾ ಎಷ್ಟೋ ಸಲ ನೋಡೇನಿ. ಹೇಳಾಕ ಬಾಯಿ ಬರಲಿಲ್ಲ" ಎಂದರು. "ಶಿವಾನಂದ ಸರ್ ಹೆಸರು ಹಂಗ ಐತಿ. ನಾಳೆ ಇಲಾಖೆಯವರು ನೋಡತಾರ. ಹೊಸಬರ ಹೆಸರು ಹಾಕಬೇಕು. ನೀವು ಹೊರಗ ಕುಂದರ್ರಿ, ನಾ ಮಾಡತೇನಿ."

ಏಳನೆಯ ಸಾಲಿನಲ್ಲಿ ಅವರ ಹೆಸರು, ಪದವಿ, ಗಣಿತ. ಆಗಸ್ಟಿನಲ್ಲಿ ಆ ಪಟ್ಟಿ ಮಾಡಿದವಳು ನಾನು. ಹಳೆಯ ಪಟ್ಟಿ ನೋಡಿಕೊಂಡು ಹೊಡೆದಿದ್ದೆ. ಅವರ ಸಾಲು ಬಂದಾಗಲೂ ಕೈ ನಿಂತಿರಲಿಲ್ಲ. ಸುಮಿತ್ರಾಬಾಯಿ ನೋಡಿದ್ದರು, ಬಸವರಾಜ ನೋಡಿದ್ದರು, ಪ್ರತಿ ಅಕ್ಷರ ಓದಿ ಸಹಿ ಹಾಕುವ ದೇಸಾಯಿ ಸರ್ ಸಹಿ ಹಾಕಿದ್ದರು. ಯಾರೂ ಬಾಯಿಬಿಟ್ಟಿರಲಿಲ್ಲ.

"ನಾನ ತಗೀತೇನ್ರಿ" ಎಂದೆ.

ಇಡೀ ಸಾಲನ್ನು ಒಮ್ಮೆಲೇ ಅಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ಕೊನೆಯಿಂದ ಒಂದೊಂದೇ ಅಕ್ಷರ ತೆಗೆದೆ. ಹೊಸಬರ ಹೆಸರನ್ನು ಕಾಗುಣಿತ ತಪ್ಪದಂತೆ ನೋಡಿ ನೋಡಿ ಹೊಡೆದೆ. ಮಾಡೆಮ್ಮು ಕಿರುಗುಟ್ಟಿ ಲೈನು ಹಿಡಿಯುವವರೆಗೆ ದೇಸಾಯಿ ಸರ್ ಪಕ್ಕದಲ್ಲೇ ನಿಂತಿದ್ದರು. ಪುಟ ಏರಿತು. "ಆತ್ರಿ ಸರ್" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ರೇಣುಕಾಳನ್ನು ಕರೆದುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ. ದಾರಿಯುದ್ದಕ್ಕೂ ಅವಳೇ ಮಾತಾಡಿದಳು. ಸಂಜೆಯ ಬಿಸಿಲು ಕೆರೆಯ ಮೇಲಿಂದ ಇಳಿಯುತ್ತಿತ್ತು. ಅತ್ತೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ತಟ್ಟೆ ತೆಗೆದುಕೊಂಡು ಅವರ ಎದುರಿಗೆ ನೆಲದ ಮೇಲೆ ಕುಳಿತೆ.

"ಅತ್ತಿ, ಇವತ್ತ ಸಾಲಿ ಪಟ್ಟಿಯೊಳಗಿಂದ ಅವರ ಹೆಸರು ತಗದೆ."

ಬಡಿಯುವ ಕೈ ನಿಂತಿತು. "ಯಾರು? ನೀನ ತಗದೇನು?"

"ನಾನ."

ಅತ್ತೆ ಕೈಗಂಟಿದ ಹಿಟ್ಟು ಉಜ್ಜಿ ತೆಗೆದರು. "ಬ್ಯಾರೆಯವರು ತಗಿಯೂಕಿಂತ ಛಲೋ ಆತು ಬಿಡು" ಎಂದು ಹಂಚಿನ ಮೇಲಿದ್ದ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದರು. ಬೆಣ್ಣೆ ಹಚ್ಚಿದರು.

ಒಳಗಿನ ಕೋಣೆಯಲ್ಲಿ ರೇಣುಕಾ ಪ್ರಮೇಯ ಬಾಯಿಪಾಠ ಮಾಡುತ್ತಿದ್ದಳು. ಒಂದು ಚೂರು ಮುರಿದು ಬಾಯಿಗಿಟ್ಟೆ. ಬಿಸಿ ನಾಲಗೆಗೆ ತಾಗಿತು. ಎರಡನೆಯ ಚೂರು ಮುರಿಯುವಷ್ಟರಲ್ಲಿ ನನ್ನಿಂದ ಒಂದು ದನಿ ಹೊರಟಿತು, ಅದು ನನ್ನದೇ ಎಂದು ತಿಳಿಯಲು ಹೊತ್ತು ಹಿಡಿಯಿತು. ರೇಣುಕಾಳ ಪಾಠ ನಿಂತಿತು.

"ನೀ ಓದವಾ" ಎಂದು ಅತ್ತೆ ಒಳಗೆ ಕೂಗಿ ಹೇಳಿದರು. ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ. ಸೆರಗಿನಿಂದ ತಮ್ಮ ಕಣ್ಣೊರೆಸಿಕೊಂಡು, ಒಲೆಯ ಕಡೆ ತಿರುಗಿ, ಮುಂದಿನ ರೊಟ್ಟಿಗೆ ಹಿಟ್ಟು ನಾದತೊಡಗಿದರು.